ಮೊದಲನೇ ಎಲ್ಕ್ ಬೇಟೆ: ಯಾವ ರೈಫಲ್, ಯಾವ ಸ್ಕೋಪ್, ಯಾವ ತೋಟಾ? ತಲೆ ಕೆಟ್ಟೋಗಿದೆ

ಮೊದಲ_ಈಡು

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಮೂಲೇಲಿ ಕೂತು ಸುಮ್ನೆ ಓದ್ಕೊಂಡಿದ್ದೆ, ಇವತ್ತು ಬಾಯಿ ಬಿಡ್ಲೇಬೇಕಾಯ್ತು. ಮುಂದಿನ ಸೀಸನ್‌ಗೆ ಎಲ್ಕ್ (ಅಮೆರಿಕದ ದೊಡ್ಡ ಸಾರಂಗ) ಪರ್ಮಿಟ್ ಸಿಕ್ಕಿದೆ. ಇಲ್ಲಿವರೆಗೆ ಸ್ನೇಹಿತನ .243 ಕ್ಯಾಲಿಬರ್ ರೈಫಲ್ ಎರವಲು ತಗೊಂಡು ಸಣ್ಣ ಜಿಂಕೆ ಮಾತ್ರ ಹೊಡ್ದಿರೋದು, ಅದೂ ಎಲ್ಲಾ 100 ಗಜದ ಒಳಗೆ. ಸ್ವಂತ ರೈಫಲ್ ಅಂತ ಇಲ್ಲ. ಈಗ ಒಂದೇ ಒಂದು ತಗೋಬೇಕು, ಅದು ಎಲ್ಕ್‌ಗೂ ಆಗ್ಬೇಕು, ಮುಂದೆ ಯಾವತ್ತಾದ್ರೂ ಮೂಸ್‌ಗೋ ಇಲ್ಲಾ ಆಫ್ರಿಕಾ ಕಡೆ ಹೋದ್ರೆ ಕುಡು ಅನ್ನೋ ಹುಲ್ಲೆಗೋ ಕೂಡ ಆಗ್ಬೇಕು.

ಸ್ನೇಹಿತ ಹೇಳೋದು, .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ತಗೋ, ಅದ್ರ ಮೇಲೆ 6-24×56 ಸ್ಕೋಪ್ (6ರಿಂದ 24 ಪಟ್ಟು ದೊಡ್ಡದಾಗಿ ತೋರ್ಸೋದು, ಮುಂದಿನ ಗಾಜು 56 ಮಿಮೀ) ಕೂರ್ಸು, ಬೆಟ್ಟದ ಈ ಕಡೆ ಕೂತು ಆ ಕಡೆ ಇರೋದನ್ನ ಹೊಡಿಬಹ್ದು ಅಂತ. ಇನ್ನೊಬ್ರು 6.5 ಕ್ರೀಡ್‌ಮೋರ್ ಸಾಕು ಅಂತಾರೆ. ಮೂರನೆಯವ್ರು .30-06 ಬಿಟ್ಟು ಬೇರೆ ಮಾತೇ ಆಡ್ಬೇಡ ಅಂತಾರೆ. ತೋಟಾ ವಿಷ್ಯಕ್ಕೆ ಬಂದ್ರೆ ಬಾಂಡೆಡ್ಡು, ಮಾನೋಲಿಥಿಕ್ಕು, ಪಾಲಿಮರ್ ಟಿಪ್ಪು ಅಂತ ಡಬ್ಬಿ ಮೇಲೆ ಬರ್ದಿರೋದು ಓದಿ ಓದಿ ಕಣ್ಣು ಮಂಜಾಯ್ತು.

ನಾನು 62 ಕೆಜಿ ಆಸಾಮಿ, ಭುಜ ಅಷ್ಟೇನು ಗಟ್ಟಿ ಇಲ್ಲ. ದಿನಾ ಐದಾರು ಮೈಲಿ ಹತ್ತಿ ಇಳಿಯೋದಿರತ್ತೆ. ಸೀಸನ್‌ಗೆ ಇನ್ನೂ ಎಂಟು ತಿಂಗಳಿದೆ. ದಾರಿ ತೋರ್ಸಿ.

ಹಳೇಕೋವಿ

ತಮ್ಮಾ, ಮೊದ್ಲು ಆ 62 ಕೆಜಿ ವಿಷ್ಯ ಬರ್ದಿದ್ದು ಒಳ್ಳೇದಾಯ್ತು, ಯಾರೂ ಅದನ್ನ ಬರಿಯಲ್ಲ, ಎಲ್ರೂ ಪ್ರಾಣಿ ತೂಕ ಹೇಳ್ತಾರೆ ತಮ್ಮ ತೂಕ ಹೇಳಲ್ಲ.

ನೀನು ಇಷ್ಟು ದಿನ ಹೊಡ್ದಿರೋ .243 ಭುಜಕ್ಕೆ ಒದೆಯೋದು ಸುಮಾರು 9-10 ಅಡಿ-ಪೌಂಡು. 8 ಪೌಂಡು ತೂಕದ ರೈಫಲ್‌ನಲ್ಲಿ .30-06, 180 ಗ್ರೇನ್ (ಗ್ರೇನ್ ಅಂದ್ರೆ ಗುಂಡಿನ ತೂಕದ ಅಳತೆ) ಗುಂಡು ಹಾಕಿದ್ರೆ ಸುಮಾರು 20. ಅಂದ್ರೆ ಅಲ್ಲೇ ಡಬಲ್ ಆಯ್ತು. .300 ವಿನ್ ಮ್ಯಾಗ್ 26ರ ಮೇಲೆ. ಪೇಪರ್ ಮೇಲೆ ಆರು ನಂಬರ್ ಅಷ್ಟೇ ಅನ್ಸತ್ತೆ, ಬೆಂಚಲ್ಲಿ ಕೂತು ಹದಿನೈದನೇ ಈಡು ಹೊಡಿಯೋವಾಗ ಕಣ್ಣು ತಾನಾಗೇ ಮುಚ್ಕೊಳತ್ತಲ್ಲ ಅವಾಗ ಗೊತ್ತಾಗತ್ತೆ ಆ ಆರು ಏನು ಅಂತ. ಒದೆತಕ್ಕೆ ಹೆದ್ರೋದು ಗಂಡಸ್ತನದ ಪ್ರಶ್ನೆ ಅಲ್ಲ ಮಾರಾಯ, ಮೈ ಕಲಿತುಬಿಡತ್ತೆ. ಒಂದ್ಸಲ ಬೆಚ್ಚೋದು ಕಲಿತ ಭುಜಕ್ಕೆ ಅದನ್ನ ಮರೆಸೋಕೆ ಎರಡು ವರ್ಷ ಬೇಕು, ನನಗೆ ಬೇಕಾಯ್ತು.

ನನ್ನ ಉತ್ತರ .30-06, ಬೋಲ್ಟ್ ಆಕ್ಷನ್ (ಪ್ರತಿ ಸಲ ಕೈಯಲ್ಲಿ ಬೋಲ್ಟ್ ಎಳೆದು ತೋಟಾ ಏರ್ಸೋದು), 22 ಇಂಚಿನ ನಳಿಗೆ, ಸ್ಕೋಪ್ ಎಲ್ಲಾ ಸೇರಿ ಎಂಟು, ಎಂಟೂವರೆ ಪೌಂಡು. 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂತ ಬಂದಿದ್ದು, ಅದಾದ್ಮೇಲೆ ಎಷ್ಟೋ ಹೊಸ ಕ್ಯಾಲಿಬರ್ ಬಂತು ಹೋಯ್ತು, ಇದು ಹಂಗೇ ಇದೆ. 150ರಿಂದ 220 ಗ್ರೇನ್‌ವರೆಗೂ ಗುಂಡು ಸಿಗತ್ತೆ. ನೀನು ಹೋದ ಊರಲ್ಲಿ ತೋಟಾ ಕಳ್ದೋಯ್ತು ಅಂದ್ರೂ ಯಾರತ್ರನಾದ್ರೂ ಒಂದು ಡಬ್ಬಿ ಇದ್ದೇ ಇರತ್ತೆ. .308 ಕೂಡ ಇದ್ರ ತಮ್ಮನೇ, 1952ರಲ್ಲಿ ಬಂದಿದ್ದು, ಕೇಸು (ತೋಟಾದ ಹಿತ್ತಾಳೆ ಕೊಳವೆ) 63 ಮಿಮೀ ಬದ್ಲು 51 ಮಿಮೀ, ಆಕ್ಷನ್ ಗಿಡ್ಡ, ಒದೆತ ಚೂರು ಕಮ್ಮಿ. ಅದು ತಗೊಂಡ್ರೂ ನಾನು ಬೇಡ ಅನ್ನಲ್ಲ.

ರೈಫಲ್ ತೀರಾ ಹಗುರ ಬೇಡ. ಆರು ಪೌಂಡಿನ 'ಮೌಂಟನ್' ರೈಫಲ್ ಹೊತ್ಕೊಂಡು ಹತ್ತೋವಾಗ ದೇವ್ರು, ಹೊಡಿಯೋವಾಗ ದೆವ್ವ. ತೂಕ ಕಮ್ಮಿ ಆದಷ್ಟೂ ಒದೆತ ಜಾಸ್ತಿ, ಮೇಲಾಗಿ ಏದುಸಿರು ಬಿಡ್ತಾ ಇರೋವಾಗ ಹಗುರದ ನಳಿಗೆ ಗಾಳಿಪಟದ ಥರ ಆಡತ್ತೆ, ನಿಲ್ಲಲ್ಲ.

ಕೊನೇದಾಗಿ, ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ಏರ್ಸಿ ಕೆನ್ನೆ ಊರಿ ಕಣ್ಣು ಬಿಡು. ಸ್ಕೋಪ್ ಒಳಗೆ ಪೂರ್ತಿ ದುಂಡಗೆ ಚಿತ್ರ ಕಂಡ್ರೆ ಆ ಸ್ಟಾಕ್ (ಭುಜಕ್ಕೆ ಒತ್ತೋ ಹಿಂಭಾಗ) ನಿನ್ನದು. ಕತ್ತು ಚಾಚ್ಬೇಕು, ಕೆನ್ನೆ ಎತ್ಬೇಕು ಅಂದ್ರೆ ಕಂಪನಿ ಯಾವ್ದೇ ಇರ್ಲಿ ಬಿಟ್ಬಿಡು.

ಮ್ಯಾಗ್ನಮ್_ಮಂಜ

ಹಳೇಕೋವಿ ಅಣ್ಣ ಯಾವಾಗ್ಲೂ ಇದೇ ರಾಗ 😄 ನನ್ನ ಅನುಭವ ಬೇರೆ. ಎಲ್ಕ್ ಅಂದ್ರೆ ಸಣ್ಣ ಜಿಂಕೆ ಅಲ್ಲ, ದೊಡ್ಡ ಗಂಡು 300 ಕೆಜಿ ದಾಟತ್ತೆ, ಭುಜದ ಮೂಳೆ ದಪ್ಪ, ಅದೂ ಯಾವಾಗ್ಲೂ ನಮಗೆ ಬೇಕಾದಂಗೆ ಅಡ್ಡ ನಿಲ್ಲಲ್ಲ, ಓರೆಯಾಗಿ ನಿಂತಿರತ್ತೆ, ಕಣಿವೆ ಆಚೆ ಇರತ್ತೆ, ಗಾಳಿ ಬೀಸ್ತಿರತ್ತೆ. ಅವಾಗ ಹೆಚ್ಚಿನ ಶಕ್ತಿ ಕೈಲಿದ್ರೆ ಧೈರ್ಯ. .300 ವಿನ್ ಮ್ಯಾಗ್ 1963ರಿಂದ ಇದೆ, ಸುಮ್ನೆ ಉಳ್ಕೊಂಡಿಲ್ಲ. 200 ಗ್ರೇನ್ ಗುಂಡು ಹಾಕಿ, ಓರೆ ನಿಂತಿದ್ರೂ ಈ ಕಡೆ ಪಕ್ಕೆಯಿಂದ ಹೊಕ್ಕು ಆ ಕಡೆ ಭುಜದವರೆಗೂ ಹೋಗತ್ತೆ. ಒದೆತ ಜಾಸ್ತಿ ಅನ್ಸಿದ್ರೆ ನಳಿಗೆ ಬಾಯಿಗೆ ಮಜಲ್ ಬ್ರೇಕ್ (ಗ್ಯಾಸನ್ನ ಪಕ್ಕಕ್ಕೆ ಬಿಟ್ಟು ಒದೆತ ಕಮ್ಮಿ ಮಾಡೋ ತುಂಡು) ಹಾಕ್ಸಿ, ಮುಗೀತು.

ಹಳೇಕೋವಿ

ಮಂಜ, ನೀನು ವರ್ಷಕ್ಕೆ ಐನೂರು ಈಡು ಹೊಡಿಯೋನು, ನಿನ್ನ ಕೈಲಿ .300 ಇದ್ರೆ ನನಗೇನೂ ತಕರಾರಿಲ್ಲ. ಆ ಹುಡ್ಗ .243ಯಿಂದ ಬರ್ತಿದಾನೆ.

ಲೆಕ್ಕನೇ ನೋಡು. ಎರಡಕ್ಕೂ 180 ಗ್ರೇನ್, ಎರಡನ್ನೂ 200 ಗಜಕ್ಕೆ ಝೀರೋ ಮಾಡು, ಅಂದ್ರೆ ಅಷ್ಟು ದೂರದಲ್ಲಿ ಗುರಿ ಇಟ್ಟಲ್ಲೇ ಗುಂಡು ಬೀಳೋ ಹಂಗೆ ಸ್ಕೋಪ್ ಹೊಂದ್ಸು. .30-06 ಸೆಕೆಂಡಿಗೆ 2700 ಅಡಿ, .300 ವಿನ್ ಮ್ಯಾಗ್ ಸುಮಾರು 2960. 300 ಗಜದಲ್ಲಿ ಮೊದಲನೇದು ಎಂಟೂವರೆ ಇಂಚು ಕೆಳಗೆ, ಎರಡನೇದು ಏಳು ಇಂಚು ಕೆಳಗೆ. ಒಂದೂವರೆ ಇಂಚು ವ್ಯತ್ಯಾಸ! 400ಕ್ಕೆ ಹೋದ್ರೆ 24ಕ್ಕೆ 20, ನಾಲ್ಕಿಂಚು. ಎಲ್ಕ್‌ನ ಹೃದಯ, ಶ್ವಾಸಕೋಶ ಇರೋ ಜಾಗನೇ ಒಂದಡಿ ಅಗಲ ಇದೆ. ದೂರ ಸರಿಯಾಗಿ ಅಳೆದ್ರೆ ಎರಡರಲ್ಲೂ ಬೀಳತ್ತೆ, ಅಂದಾಜು ತಪ್ಪಿದ್ರೆ ಎರಡರಲ್ಲೂ ತಪ್ಪತ್ತೆ.

ಇನ್ನು ಬ್ರೇಕ್ ಅಂತೀಯ. ರೈಫಲ್ ಸದ್ದೇ 160 ಡೆಸಿಬೆಲ್ ಆಸುಪಾಸು, 140 ದಾಟಿದ್ರೆ ಒಂದೇ ಈಡಿಗೆ ಕಿವಿ ಹಾಳಾಗ್ಬಹ್ದು. ಬ್ರೇಕ್ ಹಾಕಿದ್ರೆ ಆ ಸದ್ದು ಪಕ್ಕಕ್ಕೆ ತಿರುಗಿ ಹೊಡ್ದೋನ ಕಿವಿಗೂ ಪಕ್ಕ ನಿಂತೋನ ಕಿವಿಗೂ ಬೀಳತ್ತೆ. ರೇಂಜಲ್ಲಿ ಎಲ್ರೂ ಕಿವಿ ಮುಚ್ಕೊಂಡಿರ್ತಾರೆ, ಕಾಡಲ್ಲಿ ಎಷ್ಟು ಜನ ಮುಚ್ಕೊಂಡಿರ್ತಾರೆ ಹೇಳು. ನನ್ನ ಎಡಗಿವಿ ಈಗ್ಲೂ ಗುಂಯ್ ಅಂತಾನೇ ಇದೆ.

ಮ್ಯಾಗ್ನಮ್_ಮಂಜ

ಕಿವಿ ವಿಷ್ಯ ಒಪ್ದೆ. ಗಾಳಿ ವಿಷ್ಯ ಒಪ್ಪಲ್ಲ, ಆದ್ರೆ ಬಿಡಿ, ಹುಡ್ಗ 300 ಗಜದ ಒಳಗೇ ಹೊಡಿತೀನಿ ಅಂತ ಮಾತು ಕೊಟ್ರೆ .30-06ಗೆ ನಂದೂ ಒಂದು ಓಟು.

ಗಾಜಿನಕಣ್ಣು

ಆ 6-24×56 ಸ್ಕೋಪ್ ದಯವಿಟ್ಟು ಬೇಡ. ಯಾಕೆ ಅಂತ ಹೇಳ್ತೀನಿ.

ದೊಡ್ಡ ಪ್ರಾಣಿನ ದೊಡ್ಡದಾಗಿ ತೋರ್ಸೋ ಅಗತ್ಯ ಇಲ್ಲ. ತೊಂದ್ರೆ ಆಗೋದು ಹತ್ರ ಇದ್ದಾಗ. ಪೊದೆ ತಿರುಗಿದ ತಕ್ಷಣ 40 ಗಜದಲ್ಲಿ ಎಲ್ಕ್ ನಿಂತಿದೆ ಅಂತಿಟ್ಕೊಳಿ, ಅತಿ ಕಮ್ಮಿ ಅಂದ್ರೂ 6 ಪಟ್ಟು ಇರೋ ಸ್ಕೋಪ್‌ನಲ್ಲಿ ನೋಡಿದ್ರೆ ಬರೀ ಕಂದು ಬಣ್ಣದ ಕೂದ್ಲು ಕಾಣತ್ತೆ, ಅದು ಭುಜನಾ ತೊಡೆನಾ ಗೊತ್ತಾಗಲ್ಲ. ಸಾಮಾನ್ಯ 3-9×40 ಸ್ಕೋಪು 3ರಲ್ಲಿ ಇದ್ರೆ 100 ಗಜದಲ್ಲಿ ಸುಮಾರು 33 ಅಡಿ ಅಗಲ ಕಾಣತ್ತೆ, 9ಕ್ಕೆ ತಿರುಗಿಸಿದ್ರೆ 13-14 ಅಡಿ ಅಷ್ಟೇ. ಅದಕ್ಕೆ ನಡಿಯೋವಾಗ ಯಾವಾಗ್ಲೂ ಕಮ್ಮಿ ಪವರ್‌ನಲ್ಲೇ ಇರ್ಲಿ. ದೂರದ್ದಾದ್ರೆ ತಿರುಗಿಸೋಕೆ ಟೈಮ್ ಸಿಗತ್ತೆ, ಹತ್ರದ್ದು ಟೈಮ್ ಕೊಡಲ್ಲ.

ಬೆಳಕಿನ ಲೆಕ್ಕ ಸುಲಭ. ಮುಂದಿನ ಗಾಜಿನ ಅಗಲನ ಪವರ್‌ನಿಂದ ಭಾಗಿಸಿ, ಅಷ್ಟು ಮಿಮೀ ಬೆಳಕಿನ ಕಂಬಿ ನಿಮ್ಮ ಕಣ್ಣಿಗೆ ಬರತ್ತೆ. 40 ಭಾಗಿಸು 9 ಅಂದ್ರೆ ನಾಲ್ಕೂವರೆ ಹತ್ರ, ಅದೇ 6ಕ್ಕೆ ಇಳ್ಸಿದ್ರೆ ಆರೂವರೆ ದಾಟತ್ತೆ. ಕತ್ತಲಲ್ಲಿ ವಯಸ್ಸಿನ ಹುಡುಗ್ರ ಕಣ್ಣಿನ ಪಾಪೆ 7 ಮಿಮೀವರೆಗೂ ಅರಳತ್ತೆ, ವಯಸ್ಸಾದ್ರೆ 5 ಬಂದ್ರೆ ದೊಡ್ಡದು. ಸಂಜೆ ಮಸುಕಲ್ಲಿ ಏನೂ ಕಾಣ್ತಿಲ್ಲ ಅಂತ ಜನ ಪವರ್ ಜಾಸ್ತಿ ಮಾಡ್ತಾರೆ, ಮಾಡ್ಬೇಕಾಗಿರೋದು ಕಮ್ಮಿ. 56 ಮಿಮೀ ಗಾಜು ಬೆಳಕು ಕೊಡತ್ತೆ ನಿಜ, ಆದ್ರೆ ಅದನ್ನ ನಳಿಗೆಗೆ ತಗುಲದ ಹಾಗೆ ಕೂರ್ಸೋಕೆ ಎತ್ತರದ ರಿಂಗ್ ಬೇಕು, ಎತ್ತರ ಆದ್ರೆ ಕೆನ್ನೆ ಸ್ಟಾಕ್ ಬಿಟ್ಟು ಮೇಲಕ್ಕೆ ಬರತ್ತೆ, ಅಲ್ಲಿಗೆ ಹಳೇಕೋವಿಯವ್ರು ಹೇಳಿದ ಕಣ್ಣು ಮುಚ್ಚೋ ಪರೀಕ್ಷೆ ಫೇಲು.

3-9×40 ಇಲ್ಲಾ 2-10×42 ತಗೊಳಿ. ರೆಟಿಕಲ್ (ಸ್ಕೋಪ್ ಒಳಗೆ ಕಾಣೋ ಗುರಿ ಗೆರೆ) ಸಾದಾ ಇರ್ಲಿ, ಹೊರಗೆ ದಪ್ಪ ಒಳಗೆ ತೆಳು ಇರೋ ಡ್ಯೂಪ್ಲೆಕ್ಸ್ ಥರದ್ದು. ಕಾಡಿನ ಮಬ್ಬಲ್ಲಿ ಆ ದಪ್ಪ ಗೆರೆನೇ ಕಣ್ಣನ್ನ ಮಧ್ಯಕ್ಕೆ ಎಳ್ಕೊಂಡು ಹೋಗತ್ತೆ. ಕ್ರಿಸ್‌ಮಸ್ ಟ್ರೀ ಥರ ಚುಕ್ಕಿ ತುಂಬಿರೋ ರೆಟಿಕಲ್ ರೇಂಜಿಗೆ ಚೆನ್ನ. ಮೊದಲ ಫೋಕಲ್ ಪ್ಲೇನ್ ಸ್ಕೋಪ್ ಆದ್ರೆ ಪವರ್ ಇಳ್ಸಿದಾಗ ರೆಟಿಕಲ್ಲೂ ಸಣ್ಣ ಆಗಿ ಕೂದಲೆಳೆ ಥರ ಆಗ್ಬಿಡತ್ತೆ, ಬೇಟೆಗೆ ರೆಟಿಕಲ್ ಒಂದೇ ಸೈಜಲ್ಲಿ ಉಳಿಯೋ ಎರಡನೇ ಫೋಕಲ್ ಪ್ಲೇನೇ ಸಾಕು. ಕಣ್ಣಿಗೂ ಹಿಂದಿನ ಗಾಜಿಗೂ ಮಧ್ಯೆ ಮೂರೂವರೆ, ನಾಲ್ಕು ಇಂಚು ಜಾಗ ಇರೋದು ನೋಡ್ಕೊಳಿ. ಇಲ್ಲಾಂದ್ರೆ ಹುಬ್ಬಿನ ಮೇಲೆ ಅರ್ಧಚಂದ್ರ ಬೀಳತ್ತೆ, ನಂಗೊಂದಿದೆ, ಫೋಟೋ ಹಾಕಲ್ಲ 🙂

ಈಗ ನನ್ನ ದಡ್ಡತನದ ಕಥೆ. ಒಂದು ವರ್ಷ ಸೀಸನ್‌ಗೆ ಮುಂಚೆ ಸ್ಕೋಪ್ ನಾನೇ ಕೂರ್ಸಿದ್ದೆ. ಸ್ಕ್ರೂಗೆ ತುಕ್ಕು ಹಿಡಿದೇ ಇರ್ಲಿ ಅಂತ ಒಂದೊಂದು ಹನಿ ಎಣ್ಣೆ ಬಿಟ್ಟು ಬಿಗ್ದೆ, ದೊಡ್ಡ ಬುದ್ಧಿವಂತ. ರೇಂಜಲ್ಲಿ ಮೂರು ಈಡು ಒಂದು ನಾಣ್ಯದಷ್ಟು ಜಾಗದಲ್ಲಿ ಬಿತ್ತು, ಖುಷಿಯೋ ಖುಷಿ. ಆಮೇಲೆ ಎರಡು ದಿನ ಗಾಡೀಲಿ ಕಲ್ಲುರಸ್ತೆ ಪಯಣ. ಮೂರನೇ ದಿನ 120 ಗಜದಲ್ಲಿ ಅಡ್ಡ ನಿಂತಿದ್ದ ಗಂಡು ಎಲ್ಕ್, ಇದಕ್ಕಿಂತ ಸುಲಭದ ಈಡು ಜನ್ಮದಲ್ಲಿ ಸಿಗಲ್ಲ, ಹೊಡ್ದೆ, ಅದರ ಬೆನ್ನ ಮೇಲಿಂದ ಆಚೆ ಮಣ್ಣು ಎದ್ದಿದ್ದು ಕಾಣಿಸ್ತು. ಇನ್ನೊಂದು ಹೊಡ್ದೆ, ಅದೂ ಮೇಲೆ. ಅದು ನನ್ನ ಒಂದ್ಸಲ ನೋಡಿ ನಿಧಾನಕ್ಕೆ ನಡ್ಕೊಂಡು ಹೋಯ್ತು. ಮೊದ್ಲು ತೋಟಾನ ಬೈದೆ, ಆಮೇಲೆ ನನ್ನನ್ನೇ ಬೈಕೊಂಡೆ. ಸಂಜೆ ಟೆಂಟಲ್ಲಿ ಸ್ಕೋಪ್ ಹಿಡಿದು ಅಲ್ಲಾಡಿಸಿದ್ರೆ ಟಕ್ ಟಕ್ ಅಂತ ಸದ್ದು. ಹಿಂದಿನ ಬೇಸಿನ (ರೈಫಲ್ ಮೇಲೆ ರಿಂಗ್ ಕೂರೋ ತಳ) ಒಂದು ಸ್ಕ್ರೂ ಬೆರಳಲ್ಲೇ ತಿರುಗ್ತು.

ಪುಣ್ಯಕ್ಕೆ ಪೂರ್ತಿ ತಪ್ಪಿತು, ಗಾಯ ಮಾಡಿ ಬಿಟ್ಟಿದ್ರೆ ಅವತ್ತೇ ಬೇಟೆ ಬಿಡ್ತಿದ್ದೆನೋ ಏನೋ. ಅದಕ್ಕೇ ಹೇಳೋದು, ಬೇಸ್ ಸ್ಕ್ರೂನ ಎಣ್ಣೆ ಜಿಡ್ಡು ಹೋಗೋಹಂಗೆ ಸ್ಪಿರಿಟ್ಟಲ್ಲಿ ಒರ್ಸಿ, ಚೂರೇ ಚೂರು ಥ್ರೆಡ್‌ಲಾಕರ್ ಹಾಕಿ, ಟಾರ್ಕ್ ಡ್ರೈವರ್‌ನಲ್ಲಿ ಬಿಗೀರಿ. ರಿಂಗಿನ ಮೇಲಿನ ಸ್ಕ್ರೂ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡು, ಬೇಸಿಗೆ ಕಂಪನಿ ಕೊಟ್ಟಿರೋ ನಂಬರ್ ನೋಡಿ. ಕೈಯಂದಾಜಲ್ಲಿ ಬಿಗಿದ್ರೆ ಒಂದೋ ಸಡಿಲ, ಇಲ್ಲಾ ಸ್ಕೋಪಿನ ಕೊಳವೆ ಚಪ್ಪಟೆ. ಮುಗಿದ್ಮೇಲೆ ಪ್ರತಿ ಸ್ಕ್ರೂ ತಲೆ ಮೇಲಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೀರಿ. ಸ್ಕ್ರೂ ತಿರುಗಿದ್ರೆ ಗೆರೆ ಮುರಿಯತ್ತೆ, ಬೆಳಿಗ್ಗೆ ಎದ್ದು ಒಂದ್ಸಲ ಕಣ್ಣು ಹಾಯ್ಸಿದ್ರೆ ಸಾಕು.

ತಾಮ್ರದತುಂಡು

ಕ್ಯಾಲಿಬರ್ ಬಗ್ಗೆ ಜಗಳ ಆಡೋ ಟೈಮಲ್ಲಿ ಅರ್ಧ ಗುಂಡಿನ ಬಗ್ಗೆ ಆಡಿದ್ರೆ ಎಷ್ಟೋ ಪ್ರಾಣಿ ನರಳೋದು ತಪ್ತಿತ್ತು. ಪ್ರಾಣಿಗೆ ತಗುಲೋದು ಕ್ಯಾಲಿಬರ್ ಹೆಸ್ರಲ್ಲ, ಗುಂಡು.

ಸಾದಾ ಗುಂಡು ಅಂದ್ರೆ ಸೀಸದ ತಿರುಳು, ಮೇಲೆ ತಾಮ್ರದ ತೆಳು ಕವಚ, ಎರಡನ್ನೂ ಹಿಡ್ಕೊಂಡಿರೋದು ಬರೀ ಬಿಗಿತ. ಜಿಂಕೆಗೆ ಚೆನ್ನ. ಇದನ್ನೇ ಮ್ಯಾಗ್ನಮ್‌ನಲ್ಲಿ ಹಾಕಿ 60 ಗಜದಲ್ಲಿ ಎಲ್ಕ್ ಭುಜದ ಮೂಳೆಗೆ ಹೊಡೆದ್ರೆ ಮೂಳೆ ಮೇಲೇ ಪುಡಿಪುಡಿ ಆಗೋ ಸಾಧ್ಯತೆ ಇದೆ, ಹೊರಗೆ ನೋಡೋಕೆ ಭಯಂಕರ ಗಾಯ, ಒಳಗೆ ಶ್ವಾಸಕೋಶಕ್ಕೆ ಏನೂ ಆಗಿರಲ್ಲ. ಮಂಜ ಅವ್ರೇ, ವೇಗ ಜಾಸ್ತಿ ಆದಷ್ಟೂ ಗುಂಡು ಗಟ್ಟಿ ಇರ್ಬೇಕು ಅನ್ನೋದು ಅದಕ್ಕೆ. ನಿಧಾನದ .30-06 ಎಷ್ಟೋ ಸಲ ಇದೇ ಕಾರಣಕ್ಕೆ ಒಳ್ಳೆ ಕೆಲ್ಸ ಮಾಡತ್ತೆ.

ಇದು ಹಳೇ ಗೋಳು. ಜಾನ್ ನೋಸ್ಲರ್ ಅನ್ನೋವ್ರು 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ರು, ಮೈಯೆಲ್ಲಾ ಕೆಸರು ಮೆತ್ಕೊಂಡಿದ್ದ ಮೂಸು, ಕೈಲಿ .300 ಹೆಚ್&ಹೆಚ್ ಮ್ಯಾಗ್ನಮ್ (ವಿನ್ ಮ್ಯಾಗ್‌ಗಿಂತ ಹಳೇದು) ಇದ್ರೂ ಗುಂಡು ಒಳಗೆ ಇಳೀಲಿಲ್ಲ. ವಾಪಸ್ ಬಂದು ಅವ್ರು ಮಾಡಿದ್ದು ಪಾರ್ಟಿಷನ್ ಗುಂಡು. ಮನೆ ಮಧ್ಯೆ ಗೋಡೆ ಇದ್ದಂಗೆ ಗುಂಡಿನ ಮಧ್ಯೆ ತಾಮ್ರದ ಗೋಡೆ, ಮುಂದಿನ ಕೋಣೆ ಸೀಸ ಅರಳಿ ಹರಡತ್ತೆ, ಹಿಂದಿನ ಕೋಣೆ ಸೀಸ ಹಂಗೇ ಉಳಿದು ಒಳಕ್ಕೆ ನುಗ್ತಾ ಹೋಗತ್ತೆ. ಇವತ್ತಿಗೂ ಅದು ಸಿಗತ್ತೆ, ಇವತ್ತಿಗೂ ಚೆನ್ನಾಗಿದೆ.

ಬಾಂಡೆಡ್ ಅಂದ್ರೆ ಸೀಸನೂ ಕವಚನೂ ಬೆಸುಗೆ ಹಾಕಿದಂಗೆ ಅಂಟಿರೋದು, ಬಿಟ್ಕೊಳಲ್ಲ. ಮಾನೋಲಿಥಿಕ್ ಅಂದ್ರೆ ಸೀಸನೇ ಇಲ್ಲ, ಪೂರ್ತಿ ತಾಮ್ರ ಇಲ್ಲಾ ತಾಮ್ರದ ಮಿಶ್ರಲೋಹ. ಮೂತೀಲಿ ತೂತಿರತ್ತೆ, ತಗುಲಿದಾಗ ನಾಲ್ಕು ಎಸಳಾಗಿ ಹಿಂದಕ್ಕೆ ಬಿಚ್ಕೊಳತ್ತೆ, ತೂಕ ಹೆಚ್ಚುಕಮ್ಮಿ ಪೂರ್ತಿ ಉಳಿಯತ್ತೆ. ನನ್ನ ಮೇಜಿನ ಮೇಲೆ ಒಂದಿದೆ, ಓರೆ ಹೊಡೆದ ಎಲ್ಕ್‌ನ ಆಚೆ ಕಡೆ ಚರ್ಮದ ಒಳಗೆ ಸಿಕ್ಕಿದ್ದು, ಹೊಡಿಯೋವಾಗ 165 ಗ್ರೇನ್, ತೂಗಿ ನೋಡಿದ್ರೆ 163. ಅದ್ರ ಪಕ್ಕದಲ್ಲೇ ಹಳೇ ಸಾದಾ ಗುಂಡೊಂದಿದೆ, 180 ಇದ್ದಿದ್ದು 97ಕ್ಕೆ ಇಳಿದಿದೆ, ಜಜ್ಜಿದ ಬಟನ್ ಥರ ಕಾಣತ್ತೆ. ಆ ಉಳಿದ 83 ಗ್ರೇನ್ ಎಲ್ಲಿ ಹೋಯ್ತು ಅಂತ ಕೇಳ್ಬೇಡಿ, ಮಾಂಸದಲ್ಲಿ ಹೋಯ್ತು, ಅರ್ಧ ಭುಜ ಕೊಯ್ದು ಎಸೀಬೇಕಾಯ್ತು.

ತಾಮ್ರಕ್ಕೂ ಅದರದ್ದೇ ಹಟ ಇದೆ. ಸೀಸಕ್ಕಿಂತ ಹಗುರ, ಹಂಗಾಗಿ ಅಷ್ಟೇ ತೂಕಕ್ಕೆ ಗುಂಡು ಉದ್ದ ಆಗತ್ತೆ, ಆದ್ದರಿಂದ ಒಂದು ಮೆಟ್ಟಿಲು ಕೆಳಗೆ ಬನ್ನಿ, ಸೀಸದಲ್ಲಿ 180 ಅಂದ್ರೆ ತಾಮ್ರದಲ್ಲಿ 165 ಇಲ್ಲಾ 150 ಸಾಕು. ಇನ್ನೊಂದು, ಎಸಳು ಬಿಚ್ಕೊಳೋಕೆ ವೇಗ ಬೇಕು. ತಗುಲೋವಾಗ ಸೆಕೆಂಡಿಗೆ 2000 ಅಡಿ ಹತ್ರ ಇದ್ರೆ ನಿಶ್ಚಿಂತೆ, ತೀರಾ ಕಮ್ಮಿ ಆದ್ರೆ ಪೆನ್ಸಿಲ್ ಚುಚ್ಚಿದಂಗೆ ತೂತು ಮಾಡಿ ಆಚೆ ಹೋಗ್ಬಿಡತ್ತೆ. ಅಂದ್ರೆ ದೂರಕ್ಕೆ ಮಿತಿ ಹಾಕ್ಕೊಳೋಕೆ ಇದೂ ಒಂದು ಕಾರಣ. ಕಾನೂನೂ ನೋಡ್ಕೊಳಿ, ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಬಳಸೋ ಹಾಗಿಲ್ಲ, ಬೇರೆ ಕಡೆ ಬೇರೆ ನಿಯಮ.

ನಿಮಗೆ: .30-06, 165 ಗ್ರೇನ್ ತಾಮ್ರ ಇಲ್ಲಾ 180 ಗ್ರೇನ್ ಬಾಂಡೆಡ್/ಪಾರ್ಟಿಷನ್. ಎರಡು ಮೂರು ಥರದ್ದು ಒಂದೊಂದು ಡಬ್ಬಿ ತಂದು ಹೊಡ್ದು ನೋಡಿ, ನಿಮ್ಮ ನಳಿಗೆಗೆ ಯಾವ್ದು ಇಷ್ಟ ಅಂತ ಅದೇ ಹೇಳತ್ತೆ. ಇಷ್ಟ ಆಗಿದ್ದು ಸಿಕ್ಕಿದ ತಕ್ಷಣ ಅದೇ ಲಾಟ್ ನಂಬರಿನ ಡಬ್ಬಿಗಳನ್ನ ಒಟ್ಟಿಗೆ ತಗೊಂಡಿಟ್ಕೊಳಿ. ತೂಕ ಒಂದೇ ಅಂತ ಬೇರೆ ಕಂಪನಿ ತೋಟಾ ಹಾಕಿದ್ರೆ ಝೀರೋ ಎರಡ್ಮೂರು ಇಂಚು ಆಚೀಚೆ ಹೋಗೋದು ಮಾಮೂಲು.

ಮೊದಲ_ಈಡು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎರಡೆರಡು ಸಲ ಓದ್ದೆ. ಒಂದು ಡೌಟು. 6.5 ಕ್ರೀಡ್‌ಮೋರ್ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ. ಒದೆತ ಕಮ್ಮಿ ಅಲ್ವಾ ಅದು? ಡಬ್ಲ್ಯು.ಡಿ.ಎಂ. ಬೆಲ್ ಅನ್ನೋನು 7 ಮಿಮೀ ಗುಂಡಲ್ಲಿ ಆನೆಗಳನ್ನೇ ಹೊಡೀತಿದ್ನಂತಲ್ಲ, ಹಂಗಿದ್ರೆ ಎಲ್ಕ್‌ಗೆ 6.5 ಯಾಕಾಗ್ಬಾರ್ದು?

ತಾಮ್ರದತುಂಡು

ಬೆಲ್ ಕಥೆ ಪ್ರತಿ ಸಲ ಬರತ್ತೆ 😀 ಅವ್ನು ಸಾವಿರಕ್ಕೂ ಹೆಚ್ಚು ಆನೆ ಹೊಡ್ದಿದ್ದು ನಿಜ, ಅದ್ರಲ್ಲಿ ಬಹುಪಾಲು 7×57ರಲ್ಲಿ (7 ಮಿಮೀ ಗುಂಡು, 57 ಮಿಮೀ ಕೇಸು) ಅನ್ನೋದೂ ನಿಜ. ಆದ್ರೆ ಅವ್ನು ಹಾಕ್ತಿದ್ದಿದ್ದು ಅರಳದೇ ಇರೋ ಗಟ್ಟಿ ಸಾಲಿಡ್ ಗುಂಡು, ಆನೆ ತಲೆಬುರುಡೆನ ಗರಗಸದಲ್ಲಿ ಸೀಳಿ ಮಿದುಳು ಎಲ್ಲಿರತ್ತೆ ಅಂತ ಕಲ್ತಿದ್ದ, ಹತ್ರ ಹೋಗಿ ಹೊಡೀತಿದ್ದ. ಅದು ಇನ್ನೊಂದು ಕಾಲದ ದಂತದ ವ್ಯಾಪಾರ, ಅವ್ನ ಲೆಕ್ಕ ನಮಗೆ ಮಾದರಿ ಅಲ್ಲ. ಆಫ್ರಿಕಾದ ಹಲವು ದೇಶದಲ್ಲಿ ಈಗ ಕಾಡೆಮ್ಮೆ, ಆನೆಯಂಥ ಅಪಾಯದ ಪ್ರಾಣಿಗೆ .375 ಕನಿಷ್ಠ ಅಂತ ಕಾನೂನೇ ಇದೆ.

6.5ಗೆ ಒಳ್ಳೆ ಸಾಕ್ಷಿ ಬೇಕಂದ್ರೆ ಸ್ವೀಡನ್ ನೋಡಿ. ಅಲ್ಲಿ ಹಳೇ 6.5×55ರಲ್ಲಿ ತಲೆತಲಾಂತರದಿಂದ ಮೂಸ್ ಹೊಡೀತಾರೆ. ಅಲ್ಲಿನ ನಿಯಮ ಮಜವಾಗಿದೆ, ಗುಂಡು 10 ಗ್ರಾಂ ಇಲ್ಲಾ ಜಾಸ್ತಿ ಇದ್ರೆ 100 ಮೀಟರ್‌ನಲ್ಲಿ 2000 ಜೂಲ್ ಸಾಕು, 9ರಿಂದ 10 ಗ್ರಾಂ ಇದ್ರೆ 2700 ಜೂಲ್ ಬೇಕು. ಅಂದ್ರೆ ಭಾರದ ಗುಂಡಿಗೆ ರಿಯಾಯಿತಿ. ಅಲ್ಲಿ 156 ಗ್ರೇನಿನ 6.5 ಗುಂಡು ಅಷ್ಟು ಜನಪ್ರಿಯ ಆಗಿರೋದು ಯಾಕೆ ಅಂತ ಲೆಕ್ಕ ಹಾಕಿ, 156 ಗ್ರೇನ್ ಅಂದ್ರೆ 10.1 ಗ್ರಾಂ.

ಹಂಗಾಗಿ 6.5 ಆಗಲ್ಲ ಅಂತಲ್ಲ. ಭಾರದ ಗಟ್ಟಿ ಗುಂಡು, 250 ಗಜದ ಒಳಗೆ, ಅಡ್ಡ ನಿಂತಾಗ ಮಾತ್ರ, ಓರೆ ನಿಂತ್ರೆ ಹೊಡೀದೆ ಕೈ ಕಟ್ಕೊಂಡು ಕೂರೋ ತಾಳ್ಮೆ ಇದ್ರೆ ಆಗತ್ತೆ. ಆ ತಾಳ್ಮೆ ಮೊದಲನೇ ಬೇಟೆಲಿ ಇರತ್ತಾ ಅನ್ನೋದನ್ನ ನೀವೇ ಹೇಳ್ಬೇಕು.

ಹಳೇಕೋವಿ

ಕ್ಯಾಲಿಬರ್ ಆರಿಸೋಕೆ ಮುಂಚೆ ಒಂದು ಕೆಲ್ಸ ಮಾಡು. ಯಾರದ್ದಾದ್ರೂ .30-06 ತಗೊಂಡು ರೇಂಜಿಗೆ ಹೋಗು, ಜೊತೆಗೊಬ್ಬ ಇರ್ಲಿ, ಎರಡು ಮೂರು ಡಮ್ಮಿ ತೋಟಾ ಇರ್ಲಿ. ನೀನು ಆ ಕಡೆ ತಿರುಗಿರು, ಅವ್ನು ಒಂದ್ಸಲ ನಿಜವಾದ್ದು ಒಂದ್ಸಲ ಡಮ್ಮಿ ಹಿಂಗೆ ಮನಸ್ಸಿಗೆ ಬಂದಂಗೆ ತುಂಬಿ ಕೊಡ್ಲಿ. ಒಳಗೆ ಏನಿದೆ ಅಂತ ನಿಂಗೆ ಗೊತ್ತಿರ್ಬಾರ್ದು. ಡಮ್ಮಿ ಬಂದಾಗ ಟ್ರಿಗರ್ ಎಳೆದ್ರೆ ಕ್ರಾಸ್‌ಹೇರ್ ಅಲ್ಲಾಡದೆ ನಿಂತಿದ್ರೆ ಆ ರೈಫಲ್ ನಿಂದು. ಮೂತಿ ಕೆಳಕ್ಕೆ ಕುಕ್ಕಿದ್ರೆ ನಂಗೆ ಬಂದು ಹೇಳು.

ಮೊದಲ_ಈಡು

ಮೂರು ವಾರ ಆಯ್ತು, ಹೇಳೋಕೆ ಬಂದಿದೀನಿ. ಹಳೇಕೋವಿ ಅಣ್ಣ, ಕುಕ್ತು. ಕುಕ್ಕಿದ್ದು ಅಂದ್ರೆ ಸಣ್ಣದಾಗಲ್ಲ, ಕೋಳಿ ಕಾಳು ಹೆಕ್ಕಿದಂಗೆ. ಜೊತೆಗಿದ್ದೋನು ನಕ್ಕಿದ್ದು ನಕ್ಕಿದ್ದೇ. ಆಮೇಲೆ ಅವ್ನ .300 ಅವ್ನೇ ತಗೊಂಡ, ನಾನು ಡಮ್ಮಿ ತುಂಬಿ ಕೊಟ್ಟೆ, ಅವ್ನದ್ದು ನನ್ನದಕ್ಕಿಂತ ಜೋರಾಗಿ ಕುಕ್ತು, ಅಲ್ಲಿಗೆ ನಗು ನಿಂತೋಯ್ತು.

ಕೊನೆಗೆ .308ಗೆ ಮನಸ್ಸು ಮಾಡಿದೀನಿ, ಒಂದು ಉದ್ದನೆ ರಬ್ಬರ್ ಪ್ಯಾಡ್ ಇರೋ ಸ್ಟಾಕು, ಎಲ್ಲಾ ಸೇರಿ ಎಂಟೂವರೆ ಪೌಂಡು. ಅದ್ರಲ್ಲಿ ಡಮ್ಮಿ ಪರೀಕ್ಷೆ ಹತ್ತರಲ್ಲಿ ಎಂಟು ಪಾಸು. ಸ್ಕೋಪ್ 3-9×40, ನೇಲ್ ಪಾಲಿಶ್ ಗೆರೆ ಎಳ್ದಾಯ್ತು (ಮನೆಯವ್ಳ ಕೆಂಪು, ಕೇಳ್ದೆ ತಗೊಂಡೆ). 165 ಗ್ರೇನ್ ಬಾಂಡೆಡ್ 100 ಗಜದಲ್ಲಿ ಒಂದೂ ಕಾಲು ಇಂಚಿಗೆ ಮೂರು ಬೀಳ್ತಿದೆ. ಆದ್ರೆ ಝೀರೋ ಮಾಡೋವಾಗ ಮೊದಲ ಎಂಟು ಈಡು 100 ಗಜದ ಪೇಪರ್ ಮೇಲೇ ಬೀಳ್ಲಿಲ್ಲ, ವೇಸ್ಟು.

ಗಾಜಿನಕಣ್ಣು

ಮುಂದಿನ ಸಲ 25 ಗಜದಿಂದ ಶುರು ಮಾಡಿ. ಬೋಲ್ಟ್ ತೆಗೆದು ನಳಿಗೆ ಒಳಗಿಂದ ಗುರಿ ನೋಡಿ, ರೈಫಲ್ ಅಲುಗಿಸದೆ ಸ್ಕೋಪನ್ನ ಅದಕ್ಕೇ ತಿರುಗಿಸಿ, ಒಂದು ಈಡಿಗೇ ಪೇಪರ್ ಸಿಗತ್ತೆ. ಸ್ಕೋಪ್ ತಿರುಪಿನ ಕಾಲು ಎಂಓಎ (ಕೋನದ ಅಳತೆ, 100 ಗಜದಲ್ಲಿ ಸುಮಾರು ಒಂದು ಇಂಚು) ಕ್ಲಿಕ್ ಅಂದ್ರೆ 100 ಗಜದಲ್ಲಿ ಒಂದು ಇಂಚಿಗೆ ನಾಲ್ಕು ಕ್ಲಿಕ್ಕು, 25 ಗಜದಲ್ಲಿ ಅದೇ ಒಂದು ಇಂಚಿಗೆ ಹದಿನಾರು. ಇದನ್ನ ಮರೆತು ನಾಲ್ಕೇ ತಿರುಗ್ಸಿ ಸ್ಕೋಪ್ ಕೆಟ್ಟಿದೆ ಅಂತ ವಾಪಸ್ ಕಳ್ಸಿದೋರನ್ನ ನೋಡಿದೀನಿ.

ಇನ್ನು ಬೆಂಚು ಸಾಕು. ಕೂತು, ಮಂಡಿ ಊರಿ, ಶೂಟಿಂಗ್ ಸ್ಟಿಕ್ ಮೇಲೆ ಹೊಡೀರಿ, ನೂರು ಹೆಜ್ಜೆ ಓಡ್ಬಂದು ಹೊಡೀರಿ. ಬೆಳಿಗ್ಗೆ ತಣ್ಣಗಿರೋ ನಳಿಗೆಯಿಂದ ಹೋಗೋ ಮೊದಲನೇ ಈಡು ಎಲ್ಲಿ ಬೀಳತ್ತೆ ಅಂತ ಪ್ರತಿ ಸಲ ಬರ್ದಿಟ್ಕೊಳಿ, ಎಲ್ಕ್‌ಗೆ ಹೋಗೋದು ಅದೇ.

ಮ್ಯಾಗ್ನಮ್_ಮಂಜ

ಬೆಟ್ಟದಲ್ಲಿ ಮೇಲಕ್ಕೋ ಕೆಳಕ್ಕೋ ಹೊಡಿಯೋದಿದ್ರೆ ನೆನಪಿರ್ಲಿ, 300 ಗಜ ಇದೆ ಆದ್ರೆ 30 ಡಿಗ್ರಿ ಇಳಿಜಾರು ಅಂದ್ರೆ ಗುಂಡು ಕೆಳಗೆ ಬೀಳೋದು 260 ಗಜಕ್ಕೆ ಬೀಳೋವಷ್ಟೇ. ಜನ ಇಲ್ಲೇ ಮೇಲೆ ಹೊಡೀತಾರೆ. ಮತ್ತೆ ನಿಮ್ಮ ಸ್ನೇಹಿತನ .300 ತೋಟಾ ನಿಮ್ಮ ಜೇಬಿಗೆ, ನಿಮ್ಮದು ಅವ್ನ ಜೇಬಿಗೆ ಸೇರ್ದೇ ಇರ್ಲಿ. ಒಂದು ಬೆಂಚ್ ಮೇಲೆ ಒಂದೇ ಥರದ ತೋಟಾ. ಕೇಸಿನ ತಳದಲ್ಲಿ ಕೆತ್ತಿರೋ ಅಕ್ಷರ ಓದಿ ತುಂಬಿ. ತಪ್ಪು ತೋಟಾ ಹೋದ್ರೆ ರೈಫಲ್ಲೇ ಸಿಡಿಯೋ ಅಪಾಯ ಇದೆ, ಇದ್ರಲ್ಲಿ ತಮಾಷೆ ಇಲ್ಲ.

ಮೊದಲ_ಈಡು

ನೋಟ್ ಮಾಡ್ಕೊಂಡೆ ಮಂಜಣ್ಣ. ಕೊನೇ ಪ್ರಶ್ನೆ, ಹಿಮ ಬೀಳೋ ಜಾಗ, ನಳಿಗೆ ಬಾಯಿಗೆ ಟೇಪ್ ಹಚ್ಕೊಂಡು ಹೋಗು ಅಂತಾರೆ. ಟೇಪ್ ಮೂಲಕ ಹೊಡೆದ್ರೆ ಗುಂಡು ಪಕ್ಕಕ್ಕೆ ಹೋಗಲ್ವಾ?

ಹಳೇಕೋವಿ

ಹೋಗಲ್ಲ. ಗುಂಡಿಗಿಂತ ಮುಂಚೆ ನಳಿಗೇಲಿರೋ ಗಾಳಿ ನುಗ್ಗಿ ಟೇಪನ್ನ ಹರ್ದಾಕತ್ತೆ. ಟೇಪ್ ಇಲ್ದೆ ಒಳಗೆ ಹಿಮನೋ ಕೆಸರೋ ಸೇರ್ಕೊಂಡ್ರೆ ಮಾತ್ರ ನಳಿಗೆ ಸೀಳೋಗ್ಬಹ್ದು. ಒಂದೇ ಸುತ್ತು ತೆಳು ಇನ್ಸುಲೇಷನ್ ಟೇಪು, ಗಟ್ಟಿ ಪ್ಯಾಕಿಂಗ್ ಟೇಪಲ್ಲ. ನಂಬಿಕೆ ಇಲ್ಲಾಂದ್ರೆ ರೇಂಜಲ್ಲಿ ಟೇಪ್ ಹಚ್ಚಿ ಮೂರು, ಹಚ್ಚದೆ ಮೂರು ಹೊಡ್ದು ನೋಡು, ಹೆಂಗಿದ್ರೂ ಪ್ರಾಕ್ಟೀಸ್ ಆಯ್ತು.

ಬೋಲ್ಟ್ ಒಳಗಿನ ಎಣ್ಣೆ ಪೂರ್ತಿ ತೊಳ್ದು ಒಣಗ್ಸು, ಚಳಿಗೆ ಅದು ಅಂಟಾಗಿ ಫೈರಿಂಗ್ ಪಿನ್ ನಿಧಾನ ಆಗತ್ತೆ. ರಾತ್ರಿ ರೈಫಲ್ ಬೆಚ್ಚಗಿರೋ ಟೆಂಟ್ ಒಳಗೆ ತರ್ಬೇಡ, ಗಾಜೆಲ್ಲಾ ಬೆವರತ್ತೆ, ತೋಟಾ ಖಾಲಿ ಮಾಡಿ ಕವರಲ್ಲಿ ಹಾಕಿ ಹೊರಗಿನ ಚಳೀಲೇ ಬೀಗ ಹಾಕಿಡು. ಡಮ್ಮಿ ಪರೀಕ್ಷೆ ಹತ್ತಕ್ಕೆ ಹತ್ತು ಆದ್ಮೇಲೆ ಬಂದು ಹೇಳು.